ದುಂಬಿಗೂ ಒಂದು ಸೈಟು

ನಾಲ್ಕು ಜನ ಸೇರಿ ಗಿಡ ನೆಟ್ಟರೆ ಗಿಡ ಬೆಳೆಯುತ್ತೋ ಇಲ್ಲವೋ ದೇವರಿಗೇ ಗೊತ್ತು, ಕಥೆ ಮಾತ್ರ ಗೊಬ್ಬರ ಹಾಕದಿದ್ದರೂ ಬೆಳೆಯುತ್ತೆ. ನಮ್ಮ ರಸ್ತೆಯಲ್ಲಿ ಈ ವರ್ಷ ಆಗಿದ್ದೂ ಅದೇ. ಒಂದು ಕಥೆ ಮುಗಿಯಿತು, ಇನ್ನು ಸುಮ್ಮನೆ ಉಸಿರಾಡೋಣ ಅನ್ನೋಷ್ಟರಲ್ಲಿ ಇನ್ನೊಂದು ಮೊಳಕೆ ಒಡೆದಿರೋದು.

ನಾನು ಹುಬ್ಬಳ್ಳಿ ಕಡೆಯವಳು. ಮದುವೆಯಾಗಿ ಗಂಗಾನಗರಕ್ಕೆ ಬಂದೆ, ವಿಮಾ ಕಚೇರಿಯಲ್ಲಿ ಕೆಲಸ ಮಾಡಿದೆ, ಈಗ ನಿವೃತ್ತಿಯಾಗಿ ಮನೆಯಲ್ಲಿದ್ದೀನಿ. ಇಷ್ಟು ವರ್ಷ ಇಲ್ಲೇ ಇದ್ದು ನನ್ನ ಮಾತೂ ಬೆಂಗಳೂರಿನದೇ ಆಗಿಬಿಟ್ಟಿದೆ. ಸಿಟ್ಟು ಬಂದಾಗ ಮಾತ್ರ ಒಳಗಿರೋ ಹುಬ್ಬಳ್ಳಿ ಹೊರಗೆ ಬರುತ್ತೆ. ಈ ತೋಟದ ದೆಸೆಯಿಂದ ಅದು ಈ ವರ್ಷ ಬಹಳ ಸಲ ಹೊರಗೆ ಬಂತು.

ನಮ್ಮ ಅಡುಗೆಮನೆ ಕಿಟಕಿಯ ಎದುರಿಗೆ, ರಸ್ತೆ ತಿರುಗೋ ಮೂಲೆಯಲ್ಲಿ, ಒಂದು ಮೂರು ಮೂಲೆ ಜಾಗ ಇದೆ. ಸರ್ಕಾರದ್ದು. ಸರ್ಕಾರದ್ದು ಅಂದರೆ ಯಾರದ್ದೂ ಅಲ್ಲ ಅಂತ ಅರ್ಥ ಮಾಡಿಕೊಂಡು ಇಡೀ ಬಡಾವಣೆ ಅಲ್ಲಿ ಕಸ ಸುರೀತಿತ್ತು. ತೆಂಗಿನ ಚಿಪ್ಪು, ಹಳೇ ಹಾಸಿಗೆ, ಒಂದು ಸಲ ಕಾಲಿಲ್ಲದ ಸೋಫಾ. ಆ ವಾಸನೆಗೆ ಹೆದರಿ ನಾನು ವರ್ಷಗಟ್ಟಲೆ ಆ ಕಿಟಕಿ ತೆಗೆದಿರಲಿಲ್ಲ. ಒಗ್ಗರಣೆ ಹಾಕಿದರೆ ಘಾಟೆಲ್ಲ ಮನೆಯೊಳಗೇ ಸುತ್ತೋದು, ನಮ್ಮ ಮನೆಯವರು ಹಾಲ್‌ನಲ್ಲಿ ಕೂತು ಸೀನುತ್ತಾ ಪೇಪರ್ ಓದೋರು.

ಪಕ್ಕದ ರಸ್ತೆಯಲ್ಲಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸೋ ಮೇಡಂ ಒಬ್ಬರಿದ್ದಾರೆ. ನಾವೆಲ್ಲ ಅವರನ್ನ ಬಾಟನಿ ಮೇಡಂ ಅಂತಲೇ ಕರೆಯೋದು. ಅವರು ಒಂದು ದಿನ, "ಬರೀ ಕಸ ತೆಗೆಸಿದ್ರೆ ಸಾಲದು ಕಣ್ರೀ. ಮತ್ತೆ ತಂದು ಹಾಕ್ತಾರೆ. ಅಲ್ಲೊಂದು ಹೂವಿನ ತೋಟ ಮಾಡೋಣ. ಜೇನ್ನೊಣ, ಚಿಟ್ಟೆ, ದುಂಬಿ ಎಲ್ಲಾ ಬರೋ ಹಾಗೆ. ಪರಾಗ ಹರಡೋ ಹುಳಗಳಿಗೆ ಈ ಊರಲ್ಲಿ ನಿಲ್ಲಕ್ಕೆ ಜಾಗ ಇಲ್ಲ," ಅಂದರು.

"ಮೇಡಂ, ಹುಳ ಬಂದರೂ ಸರಿ, ಹುಲಿ ಬಂದರೂ ಸರಿ, ಕಸ ಹೋದರೆ ಸಾಕು," ಅಂದೆ ನಾನು.

ಹತ್ತಾರು ಜನ ಸೇರಿ ಕಸ ತೆಗೆದದ್ದಾಯಿತು. ಆಮೇಲೆ ಗೊತ್ತಾಯಿತು, ಆ ಜಾಗಕ್ಕೆ ಕಲ್ಲು ಹಾಸಿ ಸ್ಕೂಟರ್ ನಿಲ್ಲಿಸೋ ಜಾಗ ಮಾಡಕ್ಕೆ ಆಗಲೇ ಮಂಜೂರಾಗಿದೆ ಅಂತ. ಮೇಡಂ, ನಾನು ಇಬ್ಬರೂ ವಾರ್ಡ್ ಇಂಜಿನಿಯರ್ ಹತ್ತಿರ ಹೋಗಿ ಕೈಮುಗಿದೆವು. ಒಳ್ಳೇ ಮನುಷ್ಯ, ಆದರೆ ನಗು ಅನ್ನೋದನ್ನ ಮನೆಯಲ್ಲೇ ಬಿಟ್ಟು ಬರ್ತಾರೆ ಅನಿಸುತ್ತೆ. ನಮ್ಮ ಮಾತೆಲ್ಲ ಕೇಳಿ, "ದಸರಾ ಹೊತ್ತಿಗೆ ಬಂದು ನೋಡ್ತೀನಿ. ಹೂವು ಕಂಡ್ರೆ ಜಾಗ ನಿಮ್ದು. ಬರೀ ಮಣ್ಣು ಕಂಡ್ರೆ ಮಾರನೇ ವಾರ ಕಲ್ಲು ಬರುತ್ತೆ," ಅಂದರು. ಅಲ್ಲಿಗೆ ನನ್ನ ಕಿಟಕಿಯ ಹಣೆಬರಹ ದಸರಾ ಹೂವಿನ ಮೇಲೆ ನಿಂತಿತು.

ಜೇನು ಯಾರ ಪಾಲಿಗೆ?

ನಮ್ಮ ಬಡಾವಣೆಯ ಅಸೋಸಿಯೇಷನ್ ಅಧ್ಯಕ್ಷರು ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದವರು. ಮೀಟಿಂಗ್ ಇಲ್ಲದೆ ಅವರು ಮನೆಯಲ್ಲಿ ಕಾಫಿಯನ್ನೂ ಕುಡಿಯಲ್ಲ ಅಂತ ಅವರ ಹೆಂಡತಿಯೇ ಹೇಳ್ತಾರೆ. ಹಾಗಾಗಿ ತೋಟಕ್ಕೂ ಒಂದು ಮೀಟಿಂಗ್ ಕರೆದರು.

ಬಾಟನಿ ಮೇಡಂ ಪಾಪ, ಚಿತ್ರಗಳನ್ನೆಲ್ಲ ತಂದು ತೋರಿಸಿ ಬಿಡಿಸಿ ಬಿಡಿಸಿ ಹೇಳಿದರು. ಹುಳ ಬಂದರೆ ಹೂವು ಕಾಯಾಗುತ್ತೆ, ನಮ್ಮ ಮಾವಿನ ಮರ, ಸೀಬೆ ಮರ ಎಲ್ಲ ಜಾಸ್ತಿ ಕಾಯಿ ಬಿಡ್ತವೆ ಅಂತೆಲ್ಲ. ಎಲ್ಲರೂ ಬಹಳ ಗಮನ ಕೊಟ್ಟು ಕೇಳಿದರು. ಮೇಡಂ ಮುಖ ಅರಳಿತು. "ಪ್ರಶ್ನೆ ಇದ್ರೆ ಕೇಳಿ," ಅಂದರು.

ಹಿಂದಿನ ಸಾಲಿನಿಂದ ಒಬ್ಬರು ಎದ್ದು, "ಮೇಡಂ, ಜೇನು ಬಂದ ಮೇಲೆ ಹಂಚೋದು ಹೇಗೆ? ಮನೆಗೊಂದು ಬಾಟಲಿನಾ, ತಲೆಗಿಷ್ಟು ಅಂತನಾ?" ಅಂದರು.

ಮೇಡಂ ಬಾಯಿ ತೆಗೆಯೋ ಮೊದಲೇ ಇನ್ನೊಬ್ಬರು, "ಸ್ವಂತ ಮನೆಯವ್ರಿಗೆ ಮಾತ್ರ. ಬಾಡಿಗೆಯವ್ರು ನಾಳೆ ಖಾಲಿ ಮಾಡ್ಕೊಂಡು ಹೋಗ್ತಾರೆ," ಅಂದರು. ಬಾಡಿಗೆಯವರೆಲ್ಲ ಎದ್ದು ನಿಂತರು. "ಕಸ ಎತ್ತುವಾಗ ನಾವು ಬೇಕಿತ್ತು, ಜೇನಿಗೆ ಬೇಡ್ವಾ?" ಅಂತ ಶುರುವಾಯಿತು. ಮಧ್ಯೆ ಯಾರೋ ಪುಣ್ಯಾತ್ಮರು, "ಶುಗರ್ ಇರೋರು ತಮ್ಮ ಪಾಲು ಬಿಟ್ಕೊಡಬೇಕು," ಅಂತ ಸಲಹೆ ಕೊಟ್ಟರು. ನಮ್ಮ ರಸ್ತೆಯಲ್ಲಿ ಶುಗರ್ ಇಲ್ಲದವರು ಯಾರಿದ್ದಾರೆ ಹೇಳಿ? "ಶುಗರ್ ಇದ್ರೇನು, ನಮಗೆ ಮೊಮ್ಮಕ್ಕಳಿಲ್ವೇನ್ರೀ?" ಅಂತ ಅರ್ಧ ಸಭೆ ಎದ್ದು ಕೂಗಿತು.

ಕೊನೆಗೆ ಮೇಡಂ ಮೇಜು ಗುದ್ದಿ, "ಇಲ್ಲಿ ಜೇನುಗೂಡು ಇಡಲ್ಲ! ಜೇನೂ ಸಿಗಲ್ಲ! ನೊಣ ಎಲ್ಲಿಂದಲೋ ಬರುತ್ತೆ, ಕುಡಿಯುತ್ತೆ, ಹೋಗುತ್ತೆ, ಅಷ್ಟೇ!" ಅಂದರು.

ಸಭೆ ತಣ್ಣಗಾಯಿತು. ನನಗೋ, ಎಲ್ಲರೂ ಎದ್ದು ಮನೆಗೆ ಹೋಗಿಬಿಡ್ತಾರೇನೋ ಅಂತ ದಿಗಿಲು. ಅಧ್ಯಕ್ಷರು ಕನ್ನಡಕ ಸರಿಮಾಡಿಕೊಂಡು ಕೇಳಿದರು: "ಅಂದ್ರೆ, ಕರೆದಾಗ ಬರಲ್ಲ, ಬಂದ್ರೆ ತಿಂದು ಕುಡಿದು ಹೋಗ್ತಾವೆ, ನಮಗೇನೂ ಕೊಡಲ್ಲ?"

"ಹೌದು ಸರ್," ಅಂದರು ಮೇಡಂ ಸೋತ ದನಿಯಲ್ಲಿ.

"ಹಾಗಾದ್ರೆ ಅವೂ ನಮ್ಮ ಅಸೋಸಿಯೇಷನ್ ಮೆಂಬರ್‌ಗಳೇ ಬಿಡಿ. ಠರಾವು ಪಾಸ್!"

ಗೌಡರು ಕಳಿಸಿದ ಸಹಾಯ

ನಮ್ಮ ಬಡಾವಣೆ ಒಂದು ಕಾಲದಲ್ಲಿ ಗೌಡರ ತಾತನ ಹೊಲವಂತೆ. ಈಗ ಗೌಡರು ಕಟ್ಟಡ ಕಟ್ಟಿಸ್ತಾರೆ, ಬಾಡಿಗೆಗೆ ಕೊಡ್ತಾರೆ. ಆದರೂ ಮಣ್ಣು ಅಗೆಯೋದನ್ನ ನೋಡಿದರೆ ಆ ಮನುಷ್ಯನಿಗೆ ಕಾಲು ನಿಲ್ಲಲ್ಲ. ನಾವು ಹೆಂಗಸರು ನಾಲ್ಕು ಜನ ಸಲಿಕೆ ಹಿಡಿದು ಒದ್ದಾಡ್ತಿದ್ದಾಗ ಬುಲೆಟ್ ನಿಲ್ಲಿಸಿ ನೋಡಿದರು.

"ಅಮ್ಮಾ, ಇದು ಆಗಾ ಕೆಲ್ಸ ಅಲ್ಲ. ಇದು ಇಂಗೆ ಬಿಟ್ರೆ ದೀಪಾವಳಿಗೂ ಮುಗಿಯಾಕಿಲ್ಲ. ನಾಳೆ ಬೆಳಗ್ಗೆ ನಮ್ಮೋನ್ನ ಕಳಿಸ್ತೀನಿ, ನೀವು ಆರಾಮಾಗಿ ಕಾಫಿ ಕುಡೀರಿ," ಅಂದರು.

ಎಂಥ ದೊಡ್ಡ ಮನಸ್ಸು ಅಂದುಕೊಂಡು ನಾವು ಬರೋ ಆಳಿಗೆ ಅಂತ ಉಪ್ಪಿಟ್ಟು ಮಾಡಿಟ್ಟುಕೊಂಡೆವು. ಬೆಳಗ್ಗೆ ನೆಲ ನಡುಗಿತು. ಕಿಟಕಿ ಗಾಜಲ್ಲಿ ನೋಡಿದರೆ ಜೆಸಿಬಿ! ಮುಂದಕ್ಕೆ ಚೆಂಡುಹೂವಿನ ಹಾರ, ಹಣೆಗೆ ವಿಭೂತಿ. ನಮ್ಮ ಜಾಗಕ್ಕೆ ಜೆಸಿಬಿ ಹೊಕ್ಕರೆ ಆಮೇಲೆ ಅಗೆಯಕ್ಕೆ ಜಾಗವೇ ಉಳಿಯಲ್ಲ, ಅಷ್ಟೇ ಇರೋದು ಅದು.

ಓಡಿಹೋಗಿ, "ಬೇಡಪ್ಪಾ, ನಿಲ್ಲಿಸಪ್ಪಾ," ಅಂದೆ. ಡ್ರೈವರ್, "ಗೌಡ್ರು ಏಳವ್ರೆ," ಅಂತ ಒಂದೇ ಮಾತು ಹೇಳಿ ಬಕೆಟ್ ಇಳಿಸಿದ. ಒಂದೇ ಒಂದು ಸಲ ಎತ್ತಿದ ನೋಡಿ, ಮಣ್ಣಿನ ಜೊತೆ ಕುಡಿಯೋ ನೀರಿನ ಪೈಪೂ ಮೇಲೆ ಬಂತು. ನೀರು ಮೊದಲನೇ ಮಹಡಿ ಬಾಲ್ಕನಿವರೆಗೂ ಚಿಮ್ಮಿತು.

"ಏ ಮಾರಾಯಾ, ಏನ್ ಮಾಡಾಕತ್ತೀಯೋ! ಬಂದ್ ಮಾಡೋ ಅದನ್ನ!" ಅಂತ ನನ್ನ ಹುಬ್ಬಳ್ಳಿ ಇಡೀ ರಸ್ತೆಗೆ ಕೇಳಿಸಿತು. ಅವತ್ತು ನೀರು ಬರೋ ದಿನ ಬೇರೆ. ಅಧ್ಯಕ್ಷರು ಲುಂಗಿಯಲ್ಲೇ ಓಡಿಬಂದರು. ಎದುರುಮನೆಯವರು ಮಾತ್ರ ಬೈಯೋದಕ್ಕೆ ಮೊದಲು ಡ್ರಮ್ಮು ತಂದು ತುಂಬಿಸಿಕೊಂಡರು, ಆಮೇಲೆ ನೆಮ್ಮದಿಯಾಗಿ ಬೈದರು. ತೋಟ ಅಲ್ಲಿಗೆ ಮುಗೀತು, ಇನ್ನು ಇಂಜಿನಿಯರ್ ನಮ್ಮನ್ನ ಆ ಕಡೆ ಸುಳಿಯಕ್ಕೂ ಬಿಡಲ್ಲ ಅಂತ ನಾನು ಕಣ್ಣಲ್ಲಿ ನೀರು ತಂದುಕೊಂಡೆ.

ಗೌಡರು ಬಂದರು. ಬಿಳೀ ಪಂಚೆ ಎತ್ತಿ ಕಟ್ಟಿಕೊಂಡು ಸುತ್ತ ಒಂದು ಸಲ ನೋಡಿದರು. ಪ್ಲಂಬರ್‌ಗೆ ಫೋನ್ ಮಾಡಿದರು, ಮಧ್ಯಾಹ್ನದೊಳಗೆ ಪೈಪು ಸರಿ ಮಾಡಿಸಿಯೂ ಕೊಟ್ಟರು. ಸದ್ಯ, ಬದುಕಿದೆವು. ಆದರೆ ಹೋಗೋವಾಗ ಅವರ ಮುಖದಲ್ಲಿ ತಪ್ಪು ಮಾಡಿದ ಕಳೆ ಒಂಚೂರೂ ಇರಲಿಲ್ಲ.

"ನೋಡಿ ಅಮ್ಮಾ, ಮಣ್ಣು ಅಗೆದಿದ್ದೂ ಆಯ್ತು, ನೀರು ಆಯ್ಸಿದ್ದೂ ಆಯ್ತು. ಇನ್ನು ಗಿಡ ನೆಡಾದೊಂದೇ, ಅಷ್ಟಾದ್ರೂ ನೀವು ಮಾಡ್ಕಳಿ."

ಪ್ಯಾಕಿಂಗ್ ಸಮೇತ

ಗಿಡ ನೆಡಕ್ಕೆ ಮತ್ತಿಕೆರೆಯಲ್ಲಿ ರೂಮ್ ಮಾಡಿಕೊಂಡಿರೋ ಕಾಲೇಜು ಹುಡುಗರು ಬಂದರು. ಸಮಾಜಸೇವೆ ಮಾಡಿದ್ದಕ್ಕೆ ಸರ್ಟಿಫಿಕೇಟ್ ತೋರಿಸಿದರೆ ಕಾಲೇಜಲ್ಲಿ ಏನೋ ಮಾರ್ಕ್ಸ್ ಕೊಡ್ತಾರಂತೆ. ಬಂದವರೇ ಮೊದಲು ಸಲಿಕೆ ಹಿಡಿದು ಫೋಟೋ ತೆಗೆಸಿಕೊಂಡರು. ಆಮೇಲೆ ಸಲಿಕೆ ಇಲ್ಲದೆ ಒಂದು.

ಹೆಬ್ಬಾಳದ ಹತ್ತಿರದ ನರ್ಸರಿಯಿಂದ ಸಸಿಗಳು ಬಂದಿದ್ದವು. ಚೆಂಡುಹೂವು, ಸೇವಂತಿಗೆ, ನಿತ್ಯಪುಷ್ಪ, ಕಾಮಕಸ್ತೂರಿ. ಚಿಟ್ಟೆ ಮೊಟ್ಟೆ ಇಡಲಿ ಅಂತ ನಿಂಬೆ, ಕರಿಬೇವು. ಮೇಡಂ ತರಗತಿ ಮುಗಿಸಿ ಬರೋದು ತಡವಾಗುತ್ತೆ ಅಂತ ನನಗೆ ಒಪ್ಪಿಸಿದ್ದರು. ನಾನು ಒಳಗೆ ಹೋಗಿ ಹುಡುಗರಿಗೆ ಮಜ್ಜಿಗೆ ಮಾಡಿ ತರೋಷ್ಟರಲ್ಲಿ ಅಷ್ಟೂ ಸಸಿ ನೆಟ್ಟು ಮುಗಿಸಿದ್ದರು! ಸಾಲು ಅಂದರೆ ಸಾಲು, ದಾರ ಹಿಡಿದ ಹಾಗೆ. ಇವತ್ತಿನ ಮಕ್ಕಳು ಕೆಲಸಗಳ್ಳರು ಅಂತ ಯಾರ್ರೀ ಹೇಳೋದು ಅಂತ ಮೆಚ್ಚಿಕೊಂಡು ಇನ್ನೊಂದೊಂದು ಲೋಟ ಮಜ್ಜಿಗೆ ಕೊಟ್ಟೆ.

ಮೇಡಂ ಬಂದರು. ನೋಡಿ ಅವರಿಗೂ ಖುಷಿಯಾಯಿತು. ಒಂದು ಸೇವಂತಿಗೆ ಸಸಿ ಸ್ವಲ್ಪ ವಾಲಿತ್ತು, ಸರಿ ಮಾಡೋಣ ಅಂತ ಹಿಡಿದು ಎತ್ತಿದರು. ಸಸಿ ಕೈಗೆ ಬಂತು. ಕೆಳಗೆ ನರ್ಸರಿಯ ಕಪ್ಪು ಪ್ಲಾಸ್ಟಿಕ್ ಕವರ್, ಒಂಚೂರೂ ಹರಿದಿಲ್ಲ. ಪಕ್ಕದ್ದು ಎತ್ತಿದರು, ಅದೂ ಹಾಗೇ. ಇಡೀ ಸಾಲು ಹಾಗೇ!

"ಏನ್ರಪ್ಪಾ ಇದು? ಕವರ್ ಯಾಕೆ ತೆಗೀಲಿಲ್ಲ?"

ಹುಡುಗರ ಲೀಡರ್ ಬಹಳ ವಿನಯದಿಂದ, "ಮೇಡಂ, ಕವರ್ ತೆಗೆದ್ರೆ ಮಣ್ಣೆಲ್ಲಾ ಉದುರಿ ಹೋಗ್ತಿತ್ತು. ಪ್ಯಾಕಿಂಗ್ ಸಮೇತ ಇದ್ರೆ ಸೇಫ್ ಅಲ್ವಾ?" ಅಂದ. ಪಕ್ಕದವನು ಅವನ ತಲೆಗೊಂದು ಬಿಟ್ಟು, "ಮಚ್ಚಾ, ನಾನ್ ಮೊದ್ಲೇ ಹೇಳ್ಲಿಲ್ವಾ," ಅಂದ. ಅವನು ನೆಟ್ಟಿದ್ದನ್ನ ಎತ್ತಿ ನೋಡಿದರೆ ಅದರಲ್ಲೂ ಕವರ್.

ಸದ್ಯ, ಅವತ್ತೇ ಗೊತ್ತಾಯಿತು. ಇಲ್ಲದಿದ್ದರೆ ದಸರಾ ಹೊತ್ತಿಗೆ ಹೂವಲ್ಲ, ಒಣಗಿದ ಕಡ್ಡಿಗಳ ಪ್ರದರ್ಶನ ಇಟ್ಟುಕೊಂಡು ಕೂತಿರಬೇಕಿತ್ತು. ಅಷ್ಟನ್ನೂ ಕಿತ್ತು, ಕವರ್ ಬಿಚ್ಚಿ, ಮತ್ತೆ ನೆಟ್ಟರು ಹುಡುಗರು. ಬೆವರು ಕಿತ್ತುಕೊಂಡು ಬಂತು, ಆದರೆ ಒಬ್ಬನೂ ಗೊಣಗಲಿಲ್ಲ. ನನಗೆ ಅವರ ಮೇಲೆ ಮತ್ತೆ ಅಕ್ಕರೆ ಬಂತು. ಹೊರಡೋವಾಗ ಲೀಡರ್ ಮೇಡಂ ಹತ್ತಿರ ಬಂದು ತಲೆ ಕೆರೆದುಕೊಂಡ.

"ಮೇಡಂ, ಎರಡೆರಡು ಸಲ ನೆಟ್ಟಿದ್ದೀವಿ. ಸರ್ಟಿಫಿಕೇಟೂ ಎರಡೆರಡು ಕೊಡ್ತೀರಾ?"

ನಮ್ಮ ಮನೆಯವರ ಅಹಿಂಸೆ

ನಮ್ಮ ಮನೆಯವರು ಈ ತೋಟದ ತಂಟೆಗೆ ಬಂದವರಲ್ಲ. ಮಳೆಗಾಲದ ಒಂದು ಬೆಳಗ್ಗೆ ಅದೇನು ಕರುಣೆ ಉಕ್ಕಿತೋ, ನಾನು ಏಳೋಷ್ಟರಲ್ಲಿ ತೋಟಕ್ಕೆ ಹೋಗಿ ಬಂದಿದ್ದರು. ಕೈಯಲ್ಲಿ ನನ್ನ ಅಡುಗೆಮನೆ ಇಕ್ಕಳ. ಮುಖದಲ್ಲಿ ಯುದ್ಧ ಗೆದ್ದ ಕಳೆ.

"ನೋಡೇ, ನಿಮ್ಮ ನಿಂಬೆ ಗಿಡ, ಕರಿಬೇವಿನ ಗಿಡ ಎಲ್ಲಾ ಹಸಿರು ಹುಳ ಹತ್ತಿ ಹಾಳಾಗ್ತಿತ್ತು. ನಿಮಗೆ ಯಾರಿಗೂ ಕಣ್ಣಿಲ್ಲ. ಒಂದೂ ಬಿಡದ ಹಾಗೆ ಹೆಕ್ಕಿ ತೆಗೆದೆ."

ನನ್ನ ಕೈಯಲ್ಲಿದ್ದ ಹಾಲಿನ ಪಾತ್ರೆ ಬಿದ್ದೇಹೋಗ್ತಿತ್ತು. ವಾರದಿಂದ ಮೇಡಂ ಆ ಹುಳಗಳನ್ನ ಬಸುರಿ ಮಗಳನ್ನ ನೋಡೋ ಹಾಗೆ ದಿನಾ ಬಂದು ನೋಡಿಕೊಂಡು ಹೋಗ್ತಿದ್ದರು.

"ರೀ! ಅವೇ ರೀ ಚಿಟ್ಟೆ! ಅವಕ್ಕೇ ಅಂತ ಆ ಗಿಡ ಹಾಕಿರೋದು!"

"ಅವಾ? ರೆಕ್ಕೆ ಎಲ್ಲಿತ್ತು?" ಅಂದರು ಮಹಾನುಭಾವರು.

ಮೇಡಂಗೆ ಏನು ಮುಖ ತೋರಿಸಲಿ ಅಂತ ನಾನು ಹಣೆ ಚಚ್ಚಿಕೊಂಡೆ. ಮಾತಿನ ಮಧ್ಯೆ ಸುಮ್ಮನೆ ಕೇಳಿದೆ, "ಹೆಕ್ಕಿ ಏನು ಮಾಡಿದಿರಿ? ಸಾಯಿಸಿದಿರಾ?" ಅಂತ.

"ಛೆ ಛೆ! ಜೀವ ತೆಗೆಯೋದು ನನ್ನ ಕೈಲಾಗುತ್ತಾ? ಅಧ್ಯಕ್ಷರ ಕಾಂಪೌಂಡಲ್ಲಿ ದೊಡ್ಡ ನಿಂಬೆ ಗಿಡ ಇದೆಯಲ್ಲ, ಅದಕ್ಕೆ ಬಿಟ್ಟು ಬಂದೆ."

ನನಗೆ ಹೋದ ಜೀವ ಬಂತು. ಮೂವತ್ತೈದು ವರ್ಷದ ಸಂಸಾರದಲ್ಲಿ ಆ ಮನುಷ್ಯನ ಮೇಲೆ ಅಷ್ಟು ಪ್ರೀತಿ ಬಂದಿದ್ದು ಅದೇ ಮೊದಲು ಅಂದರೂ ತಪ್ಪಿಲ್ಲ. ಮೇಡಂಗೆ ಗುಟ್ಟಾಗಿ ಹೇಳಿದೆ, ಅವರು ದಿನಾ ಅಧ್ಯಕ್ಷರ ಗೇಟಿನ ಹತ್ತಿರ ವಾಕಿಂಗ್ ಶುರು ಮಾಡಿದರು.

ಕೆಲವು ವಾರ ಕಳೆದ ಮೇಲೆ ಮೀಟಿಂಗಿನಲ್ಲಿ ಅಧ್ಯಕ್ಷರು ಎದೆ ಉಬ್ಬಿಸಿ ಹೇಳಿದರು: "ಚಿಟ್ಟೆಗಳು ಮೊದಲು ಬಂದದ್ದು ನಮ್ಮ ಮನೆಗೆ! ಕರಿ ರೆಕ್ಕೆ, ಬಿಳಿ ಚುಕ್ಕಿ, ಹಿಂಡು ಹಿಂಡಾಗಿ! ಆದರೆ ವಿಚಿತ್ರ ನೋಡಿ, ನನ್ನ ನಿಂಬೆ ಗಿಡದಲ್ಲಿ ಒಂದು ಎಲೆ ಉಳಿದಿಲ್ಲ. ಯಾಕೆ ಅಂತ ತಿಳೀತಾ ಇಲ್ಲ."

ನಾನು ಸೆರಗು ಬಾಯಿಗೆ ಒತ್ತಿಕೊಂಡೆ. ನಮ್ಮ ಮನೆಯವರು ಫ್ಯಾನ್ ನೋಡ್ತಾ ಅಂದರು, "ವಾಸ್ತು ದೋಷ ಇರಬೇಕು ಸರ್."

ನೊಣದ ಪಾಲು, ದೇವರ ಪಾಲು

ಗಿಡ ಮೊಗ್ಗು ಬಿಟ್ಟಿತು, ಹೂವಾಯಿತು. ಆದರೆ ನಾನು ಬೆಳಗ್ಗೆ ನೋಡೋವಾಗ ಹೂವು ಇರ್ತಿರಲಿಲ್ಲ. ಕಾರಣ ನಿಮಗೂ ಗೊತ್ತು. ಈ ಊರಲ್ಲಿ ಸೂರ್ಯ ಹುಟ್ಟೋ ಮೊದಲು ಸ್ವೆಟರು, ಮಂಕಿ ಕ್ಯಾಪು ಹಾಕಿಕೊಂಡು, ಕೈಯಲ್ಲಿ ಪ್ಲಾಸ್ಟಿಕ್ ಕವರ್ ಹಿಡಿದು ಒಂದು ಸೈನ್ಯ ಹೊರಡುತ್ತೆ. ಕಂಡವರ ಕಾಂಪೌಂಡಿನ ಹೂವೆಲ್ಲ ಅವರ ಮನೆ ದೇವರಿಗೆ.

ನಮ್ಮ ತೋಟದ ಸೇನಾಧಿಪತಿ ಮೂರನೇ ಕ್ರಾಸಿನ ಅಜ್ಜಿ. ತುದಿಗೆ ಕೊಕ್ಕೆ ಕಟ್ಟಿದ ಕೋಲು ಅವರ ಆಯುಧ. ಒಂದು ದಿನ ಕಾದು ಕೂತು ಹಿಡಿದೆ.

"ಅಜ್ಜಿ, ಇದು ಜೇನ್ನೊಣ ಬರಲಿ ಅಂತ ಬೆಳೆಸಿರೋ ಹೂವು. ಕೀಳಬೇಡಿ."

ಅಜ್ಜಿ ನನ್ನ ಮುಖ ನೋಡಿ, "ನಿನ್ನ ನೊಣ ದೊಡ್ಡದೋ, ನನ್ನ ದೇವರು ದೊಡ್ಡವನೋ?" ಅಂದರು.

ಅಧ್ಯಕ್ಷರು, "ಹೂ ಕೀಳುವುದನ್ನು ನಿಷೇಧಿಸಲಾಗಿದೆ" ಅಂತ ಬೋರ್ಡು ಹಾಕಿಸಿದರು. ಮಾರನೇ ದಿನ ನೋಡಿದರೆ ಅಜ್ಜಿ ತಮ್ಮ ಕವರನ್ನ ಆ ಬೋರ್ಡಿನ ಮೂಲೆಗೇ ಸಿಗಿಸಿ ಎರಡೂ ಕೈಯಲ್ಲಿ ಬಿಡಿಸ್ತಿದ್ದರು. "ಒಳ್ಳೇದು ಮಾಡಿದ್ರಿ ಕಣಮ್ಮಾ, ಕವರ್ ನೇತು ಹಾಕಕ್ಕೆ ಜಾಗ ಇರಲಿಲ್ಲ," ಅಂತ ಆಶೀರ್ವಾದ ಬೇರೆ.

ಕೊನೆಗೆ ಬಾಟನಿ ಮೇಡಂ ಹೋಗಿ ಅಜ್ಜಿ ಪಕ್ಕ ಕೂತರು. ಶಾಸ್ತ್ರ ಗೀಸ್ತ್ರ ಏನೂ ಹೇಳಲಿಲ್ಲ. "ಅಜ್ಜಿ, ನೊಣನೂ ಹಸ್ಕೊಂಡು ಬರುತ್ತೆ. ಬಂದು ಬರಿಗೈಲಿ ಹೋಗುತ್ತೆ," ಅಂದರು ಅಷ್ಟೇ. ಹಸಿದವರನ್ನ ಬರಿಗೈಲಿ ಕಳಿಸೋದು ಅಂದರೆ ಆ ತಲೆಮಾರಿನವರಿಗೆ ಕರುಳು ಕಿವುಚುತ್ತೆ. "ಸರಿ, ಬಲಗಡೆದು ನನ್ನ ದೇವರಿಗೆ. ಎಡಗಡೆದು ನೊಣಕ್ಕೆ," ಅಂತ ಅಜ್ಜಿ ತೀರ್ಪು ಕೊಟ್ಟರು.

ಕೊಟ್ಟ ಮಾತಿಗೆ ಅಜ್ಜಿ ತಪ್ಪಲಿಲ್ಲ. ಎಡಗಡೆ ಹೂವು ನಿಂತಿತು, ಜೇನ್ನೊಣ ಬಂತು, ದುಂಬಿ ಬಂತು. ನಾನು ಅಡುಗೆಮನೆ ಕಿಟಕಿ ತೆಗೆದೆ. ಅವತ್ತು ಒಗ್ಗರಣೆಯ ಘಾಟು ಹೊರಗೆ ಹೋಯಿತು, ಕಾಮಕಸ್ತೂರಿ ವಾಸನೆ ಒಳಗೆ ಬಂತು, ನನಗೆ ಅಳುವೇ ಬಂದುಬಿಟ್ಟಿತು. ಆ ಕಿಟಕಿಯಿಂದಲೇ ಅಜ್ಜಿಯ ದನಿಯೂ ಕೇಳಿಸಿತು. ಮಂಕಿ ಕ್ಯಾಪಿನವರು ಯಾರೋ ಎಡಗಡೆಗೆ ಕೈ ಹಾಕಿದ್ದರು, ಅಜ್ಜಿ ಕೊಕ್ಕೆ ಕೋಲು ಎತ್ತಿ ಅಟ್ಟಿಸಿಕೊಂಡು ಹೋಗ್ತಿದ್ದರು.

"ಏಯ್! ಅದು ನೊಣದ್ದು ಕಣ್ರೀ! ನೊಣದ ಹೂವು ಕದ್ದು ದೇವರಿಗೆ ಇಡ್ತೀರಲ್ಲ, ನಾಚಿಕೆ ಆಗಲ್ವಾ?"

ಇಂಜಿನಿಯರ್ ಬಂದ ದಿನ

ಆಯುಧಪೂಜೆಗೆ ಎರಡು ದಿನ ಇರುವಾಗ ಇಂಜಿನಿಯರ್ ಫೋನ್ ಮಾಡಿದರು. "ನಾಳೆ ಬೆಳಗ್ಗೆ ಹತ್ತು ಗಂಟೆಗೆ ಬರ್ತೀನಿ."

ಬರಲಿ ಮಹಾರಾಯ ಅಂದುಕೊಂಡೆವು. ತೋಟ ತುಂಬಿ ತುಳುಕ್ತಿತ್ತು. ಚೆಂಡುಹೂವಂತೂ ಎಲೆ ಕಾಣದ ಹಾಗೆ ಬಿಟ್ಟಿತ್ತು. ಮೇಡಂ, ನಾನು ಇಬ್ಬರೂ ಗೆದ್ದೆವು ಅಂತ ನೆಮ್ಮದಿಯಾಗಿ ಮಲಗಿದೆವು.

ಬೆಳಗ್ಗೆ ಕಿಟಕಿ ತೆಗೆದೆ. ತೋಟದಲ್ಲಿ ಒಂದು ಹೂವಿಲ್ಲ! ಬಲಗಡೆಯೂ ಇಲ್ಲ, ಎಡಗಡೆಯೂ ಇಲ್ಲ. ಬರೀ ಎಲೆ, ಕಡ್ಡಿ, ಚಿಗುರು ಮೊಗ್ಗು.

ಅಜ್ಜಿ ಹಬ್ಬಕ್ಕೆ ಅಂತ ಮಾಕಳಿಯ ಮಗಳ ಮನೆಗೆ ಹೋಗಿದ್ದರು. ಕಾವಲಿಗೆ ಯಾರೂ ಇರಲಿಲ್ಲ. ಹಬ್ಬದ ದಿನ ರಜೆ ಅಂತ ಆಫೀಸು, ಫ್ಯಾಕ್ಟರಿ, ಅಂಗಡಿಗಳಲ್ಲೆಲ್ಲ ಪೂಜೆ ಮುಂಚಿನ ದಿನವೇ ಮಾಡಿಬಿಡ್ತಾರೆ. ಮಾರ್ಕೆಟ್ಟಲ್ಲಿ ಹೂವು ಮುಟ್ಟಿದರೆ ಕೈ ಸುಡೋ ರೇಟು. ಕಣ್ಣೆದುರಿಗೆ ಬಿಟ್ಟಿ ತೋಟ ಇರುವಾಗ ಜನ ಬಿಡ್ತಾರಾ? ರಸ್ತೆಗೆ ಬಂದು ನೋಡಿದರೆ ನಮ್ಮ ಹೂವು ಎಲ್ಲೆಲ್ಲೂ! ಇಸ್ತ್ರಿ ಗಾಡಿಯ ಮೇಲೆ, ಆಟೋ ಕನ್ನಡಿಗೆ, ಎದುರುಮನೆಯವರ ಸ್ಕೂಟರಿಗೆ. ಅಧ್ಯಕ್ಷರ ಕಾರಿನ ಬಾನೆಟ್ಟಿನ ಮೇಲೂ ಅಡ್ಡಡ್ಡ ಸೇವಂತಿಗೆ ಜೋಡಿಸಿತ್ತು!

ಇಷ್ಟು ತಿಂಗಳ ಒದ್ದಾಟ, ಪೈಪು, ಪ್ಯಾಕಿಂಗು, ಹುಳ, ಎಲ್ಲ ದಾಟಿ ಬಂದು ಕೊನೇ ದಿನ ನಮ್ಮವರೇ ಮುಳುಗಿಸಿದರಲ್ಲ! ರಸ್ತೆ ಮಧ್ಯೆ ನಿಂತು ಸೆರಗು ಸಿಗಿಸಿಕೊಂಡೆ. ಒಳಗಿದ್ದ ಹುಬ್ಬಳ್ಳಿ ಪೂರ್ತಿ ಹೊರಗೆ ಬಂತು.

"ಯಾರ್ ಯಾರ ಮನಿಯಾಗ ನಮ್ಮ ತ್ವಾಟದ ಹೂ ಅದಾವ, ಈಗಿಂದೀಗ ಇಲ್ಲಿ ಬರಬೇಕು ನೋಡ್ರಿ! ಹತ್ತಕ್ಕ ಇಂಜಿನಿಯರ್ ಬರತಾನ! ಹೂ ಇಲ್ಲಂದ್ರ ಕಲ್ಲು ಬರತೈತಿ!"

ಬಾಗಿಲುಗಳು ಒಂದೊಂದಾಗಿ ತೆರೆದವು. ಬುಟ್ಟಿಯಲ್ಲಿ, ತಟ್ಟೆಯಲ್ಲಿ, ಕವರಲ್ಲಿ ಹೂವು ವಾಪಸ್ ಬಂತು. ಅಧ್ಯಕ್ಷರು ತಾವೇ ಕಾರಿನ ಮೇಲಿಂದ ಆರಿಸಿಕೊಂಡು ಬಂದರು, "ಡ್ರೈವರ್ ತಂದದ್ದು," ಅಂತ. ಅವರಿಗೆ ಡ್ರೈವರ್ ಇಲ್ಲ ಅನ್ನೋದು ನಮಗೆಲ್ಲ ಗೊತ್ತು.

ಹೂವೇನೋ ಬಂತು. ತೊಟ್ಟು ಕಿತ್ತ ಹೂವನ್ನ ಗಿಡಕ್ಕೆ ಹೇಗೆ ಅಂಟಿಸೋದು? ಎದುರುಮನೆಯವರು ಒಳಗೆ ಹೋಗಿ ನೆನೆಸಿದ ಬಾಳೆನಾರು ತಂದರು. "ಅದಕ್ಕೇನು ಯೋಚನೆ? ಕಟ್ಟಿಬಿಡೋಣ."

ಫುಟ್‌ಪಾತಿನ ಮೇಲೆ ಹೆಂಗಸರೆಲ್ಲ ಸಾಲಾಗಿ ಕೂತೆವು. ಹೂ ಕಟ್ಟೋದು ನಮಗೆ ಹೇಳಿಕೊಡಬೇಕಾ? ಬಾಯಿ ಮಾತಾಡ್ತಿರುತ್ತೆ, ಕೈ ಕಟ್ಟುತ್ತಿರುತ್ತೆ. ಮಾಲೆ ಉದ್ದವಾಗ್ತಾ ಹೋಯಿತು. ಗಂಡಸರು ಅದನ್ನ ಎತ್ತಿಕೊಂಡು ಗಿಡದಿಂದ ಗಿಡಕ್ಕೆ, ಕೊಂಬೆಯಿಂದ ಕೊಂಬೆಗೆ ಸುತ್ತಿ, ನಾರು ಕಾಣದ ಹಾಗೆ ಎಲೆ ಮುಚ್ಚಿದರು. ಅವಸರದಲ್ಲಿ ಯಾವ ಹೂವು ಯಾವ ಗಿಡಕ್ಕೆ ಅಂತ ನೋಡೋರು ಯಾರು?

ಬಾಟನಿ ಮೇಡಂ ಓಡಿಬಂದು ತಲೆ ಮೇಲೆ ಕೈ ಹೊತ್ತರು. "ಅಯ್ಯೋ, ಕರಿಬೇವಿನ ಗಿಡದಲ್ಲಿ ಸೇವಂತಿಗೆ ಬಿಡಲ್ಲ ಕಣ್ರೀ! ನಿಂಬೆ ಗಿಡದಲ್ಲಿ ಚೆಂಡುಹೂವು ಯಾರಾದ್ರೂ ನೋಡಿದ್ದೀರಾ?"

"ಇವತ್ತು ಬಿಡುತ್ತೆ ಮೇಡಂ, ನೀವು ಸುಮ್ಮನಿರಿ," ಅಂದೆ.

ಕೊನೇ ಗಂಟು ಹಾಕೋದಕ್ಕೂ ಜೀಪು ಬಂದು ನಿಲ್ಲೋದಕ್ಕೂ ಸರಿಹೋಯಿತು. ಇಂಜಿನಿಯರ್ ಇಳಿದರು. ನಾವೆಲ್ಲ ಬಾಳೆನಾರಿನ ಕೈ ಹಿಂದೆ ಕಟ್ಟಿಕೊಂಡು, ಶಾಲೆಯ ಮಕ್ಕಳ ಹಾಗೆ ಸಾಲಾಗಿ ನಿಂತೆವು. ಅವರು ಸುತ್ತ ಒಂದು ಸುತ್ತು ಹಾಕಿದರು. ಕರಿಬೇವಿನ ಗಿಡದ ಮುಂದೆ ಯಾಕೋ ಸ್ವಲ್ಪ ಜಾಸ್ತಿ ಹೊತ್ತು ನಿಂತರು. ಅಷ್ಟರಲ್ಲಿ ಎಲ್ಲಿಂದಲೋ ಒಂದು ಜೇನ್ನೊಣ ಬಂದು, ಕರಿಬೇವಿನ ಗಿಡದಲ್ಲಿದ್ದ ಸೇವಂತಿಗೆ ಮೇಲೇ ಕೂತಿತು. ಮೇಡಂ ಕಣ್ಣಲ್ಲಿ ನೀರು.

"ಪರವಾಗಿಲ್ಲ, ಚೆನ್ನಾಗಿ ಮಾಡಿದ್ದೀರಿ," ಅಂದರು ಇಂಜಿನಿಯರ್. ಅಬ್ಬಾ! ಇಡೀ ರಸ್ತೆ ಒಟ್ಟಿಗೆ ಉಸಿರು ಬಿಟ್ಟಿದ್ದು ನನಗೆ ಕೇಳಿಸಿತು. ಅಧ್ಯಕ್ಷರು ಭಾಷಣಕ್ಕೆ ಗಂಟಲು ಸರಿಮಾಡಿಕೊಂಡರು.

ಜೀಪಿನ ಕಡೆ ಹೊರಟ ಇಂಜಿನಿಯರ್ ಮತ್ತೆ ತಿರುಗಿದರು. "ಇವತ್ತು ಆಫೀಸಲ್ಲಿ ಆಯುಧಪೂಜೆ. ಜೀಪಿನ ಗಣಪತಿಗೆ ಒಂದೇ ಒಂದು ಹೂವು ತಗೋತೀನಿ, ಬೇಜಾರಿಲ್ಲ ತಾನೇ?"

ನಾವು ಬೇಡ ಅನ್ನೋಷ್ಟರಲ್ಲಿ ಕೈ ಹಾಕಿ ಒಂದು ಚೆಂಡುಹೂವು ಎಳೆದರು. ಹೂವು ಬಂತು. ಅದರ ಹಿಂದೆ ಇನ್ನೊಂದು ಬಂತು. ಅದರ ಹಿಂದೆ ಸೇವಂತಿಗೆ. ಅವರು ಗಾಬರಿಯಾಗಿ ಒಂದು ಹೆಜ್ಜೆ ಹಿಂದಕ್ಕೆ ಇಟ್ಟರು, ನಿಂಬೆ ಗಿಡ ಬಗ್ಗಿ ನಮಸ್ಕಾರ ಮಾಡಿತು. ಇನ್ನೊಂದು ಹೆಜ್ಜೆ ಇಟ್ಟರು, ಕರಿಬೇವು ಬಗ್ಗಿತು. ಜೀಪಿನ ಹತ್ತಿರ ಹೋಗೋಷ್ಟರಲ್ಲಿ ಅರ್ಧ ತೋಟದ ಹೂವು ಸರಸರ ಅಂತ ಬಿಚ್ಚಿಕೊಂಡು ಅವರ ಹಿಂದೆಯೇ ಹೊರಟಿತ್ತು!

ಅಧ್ಯಕ್ಷರು ಒಬ್ಬರೇ ಧೈರ್ಯ ಮಾಡಿ, "ಸರ್... ಹೈಬ್ರಿಡ್ ತಳಿ ಸರ್," ಅಂದರು.

ಇಂಜಿನಿಯರ್ ಕೈಯಲ್ಲಿದ್ದ ಮಾಲೆ ನೋಡಿದರು. ನಮ್ಮನ್ನ ನೋಡಿದರು. ಬಗ್ಗಿ ಗಿಡದ ಬುಡ ನೋಡಿದರು, ಮೊಗ್ಗು ಮುಟ್ಟಿದರು, ಹೂವು ಹೋದರೂ ಅಲ್ಲೇ ಸುತ್ತುತ್ತಿದ್ದ ಆ ನೊಣ ನೋಡಿದರು. "ಗಿಡ ನಿಜ, ಮೊಗ್ಗು ನಿಜ, ನೊಣನೂ ನಿಜ," ಅಂದರು ನಿಧಾನವಾಗಿ. "ಜಾಗ ನಿಮ್ದೇ. ಕಲ್ಲು ಬೇರೆ ಕಡೆಗೆ ಕಳಿಸ್ತೀನಿ."

ನಾನು ಫುಟ್‌ಪಾತಿನ ಮೇಲೆ ಕೂತುಬಿಟ್ಟೆ. ಮೇಡಂ ಬಂದು ತಬ್ಬಿಕೊಂಡರು. ಇಂಜಿನಿಯರ್ ಅಷ್ಟರಲ್ಲಿ ಮಾಲೆಯನ್ನ ಮೊಣಕೈಗೆ ಹಿಡಿದು, ಹೂ ಮಾರೋರ ಹಾಗೆ ಮೊಳ ಹಾಕಿ ಅಳೆದು, ಸುರುಳಿ ಸುತ್ತಿ ಜೀಪಿನ ಮುಂದಕ್ಕೆ ಕಟ್ಟಿಸಿದರು. ಹತ್ತಿ ಕೂತ ಮೇಲೆ ಕಿಟಕಿಯಿಂದ ತಲೆ ಹೊರಗೆ ಹಾಕಿದರು. ಮುಖ ಯಾವತ್ತಿನ ಹಾಗೇ ಗಂಭೀರ.

"ಮೇಡಂ, ಮುಂದಿನ ಸಲ ಗಿಡಕ್ಕೆ ಸ್ವಲ್ಪ ಹೇಳಿ. ಹೂವಿನ ಮಧ್ಯೆ ಮಧ್ಯೆ ಘಮಕ್ಕೆ ಒಂದಿಷ್ಟು ಮರುಗನೂ ಸೇರಿಸಿ ಬಿಡಲಿ."